ಕೆಳಸಾಲಿನ ಬೆಕ್ಕುಗಳು ಯಾಕೆ ಸೀನಲಿಲ್ಲ

ನಮ್ಮ ಎದುರುಮನೆಯ ಬೆಕ್ಕಿನ ಮಾವ ಸಹಿ ಹಾಕುವುದನ್ನು ಒಮ್ಮೆಯಾದರೂ ನೋಡಬೇಕು. ಪೆನ್ನಿನ ಮುಚ್ಚಳ ತೆಗೆದು ಹಿಂಬದಿಗೆ ಸಿಕ್ಕಿಸುತ್ತಾರೆ. ಗಾಳಿಯಲ್ಲಿ ಎರಡು ಸುತ್ತು ತಿರುಗಿಸುತ್ತಾರೆ. ಮೂರನೆಯ ಸುತ್ತಿಗೆ ಕಾಗದಕ್ಕೆ ಇಳಿದರೆಂದರೆ ಕೊನೆಯ ಅಕ್ಷರದ ಬಾಲ ಪಕ್ಕದ ಎರಡು ಅಂಕಣ ದಾಟಿ ಹೋಗಿ, ಕೆಳಗೆ ಎರಡು ಚುಕ್ಕೆ ಬಿದ್ದ ಮೇಲೆಯೇ ನಿಲ್ಲುವುದು. ಪಾರ್ಸೆಲ್ ತಂದುಕೊಡುವವರು ಅಷ್ಟು ಹೊತ್ತು ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಾರೆ. ಇಂಥ ಸಹಿಯನ್ನು ಮಾವ ಕೆಲಸದ ಜಾಗದಲ್ಲಿ ದಿನಕ್ಕೆ ಇಪ್ಪತ್ನಾಲ್ಕು ಸಲ ಹಾಕುತ್ತಿದ್ದರು. ಅದರಲ್ಲಿ ಹನ್ನೆರಡು ಸುಳ್ಳು.

ಅವರ ಕೆಲಸ ಊರಂಚಿನ ಪ್ರಾಣಿ ಆಶ್ರಯಧಾಮದಲ್ಲಿ. ಬೀದಿಯಲ್ಲಿ ಸಿಕ್ಕವು, ಮನೆಯವರಿಗೆ ಬೇಡವಾದವು, ಮನೆ ಖಾಲಿ ಮಾಡುವಾಗ ಯಾರೋ ಹಿಂದೆ ಬಿಟ್ಟು ಹೋದವು, ಹೀಗೆ ನಾಯಿ ಬೆಕ್ಕುಗಳೆಲ್ಲ ಅಲ್ಲಿಗೆ ಬಂದು, ಯಾರಾದರೂ ಇಷ್ಟಪಟ್ಟು ಕರೆದುಕೊಂಡು ಹೋಗುವವರೆಗೆ ಇರುತ್ತವೆ. ನಾಯಿಗಳಿಗೆ ಹಿಂದಿನ ಅಂಗಳ. ಬೆಕ್ಕುಗಳಿಗೆ ಒಂದು ಉದ್ದನೆಯ ಕೋಣೆ. ಎಡಗೋಡೆಗೆ ಹನ್ನೆರಡು ಗೂಡು, ಬಲಗೋಡೆಗೆ ಹನ್ನೆರಡು. ಪ್ರತಿ ಗೋಡೆಯಲ್ಲೂ ಎದೆಮಟ್ಟಕ್ಕೆ ಆರು, ನೆಲಮಟ್ಟಕ್ಕೆ ಆರು. ಇಪ್ಪತ್ತೆರಡು ವರ್ಷದಿಂದ ಈ ಕೋಣೆಗೆ ಮಾವನೇ ಒಡೆಯರು. ಬಾಗಿಲ ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅವರು ನಡೆದು ಬಂದರೆ ಖಜಾನೆ ಕಾಯುವವರು ದಾರಿ ಬಿಡಬೇಕು.

ಕೋಣೆಯ ಬಾಗಿಲಿಗೆ ಮ್ಯಾನೇಜರ್ ಸಾಹೇಬರ ಹದಿನಾಲ್ಕು ನಿಯಮಗಳನ್ನು ಪ್ಲಾಸ್ಟಿಕ್ ಹೊದಿಸಿ ಅಂಟಿಸಿತ್ತು. ಸಾಹೇಬರು ಸ್ವತಃ ಬರೆದದ್ದು. ಬಂದ ಅತಿಥಿಗಳಿಗೆ ಬೆಕ್ಕುಗಳನ್ನು ತೋರಿಸುವ ಮೊದಲು ಅವರು ನಿಯಮಗಳನ್ನು ತೋರಿಸುತ್ತಿದ್ದರು. ಬೆಕ್ಕನ್ನು ಹೊರಗೆ ತೆಗೆದು ಪೆಟ್ಟಿಗೆಗೆ ಹಾಕುವುದು, ಕಂಬಳಿ, ತಟ್ಟೆ, ಮರಳಿನ ಟ್ರೇ ಎಲ್ಲವನ್ನೂ ಖಾಲಿ ಮಾಡುವುದು, ಔಷಧಿ ನೀರು ಸಿಂಪಡಿಸಿ ಹತ್ತು ನಿಮಿಷ ಬಿಡುವುದು, ಉಜ್ಜುವುದು, ತೊಳೆಯುವುದು, ಒರೆಸುವುದು, ಒಗೆದ ಕಂಬಳಿ ಹಾಸುವುದು, ಬೆಕ್ಕನ್ನು ಮತ್ತೆ ಒಳಗೆ ಬಿಡುವುದು. ಹದಿನಾಲ್ಕನೆಯದು, ಗೂಡಿಗೊಂದರಂತೆ ಸಹಿ ಹಾಕುವುದು. ಇದು ಪ್ರತಿ ಗೂಡಿಗೆ, ಪ್ರತಿ ದಿನ.

ಮೇಲಿನ ಸಾಲನ್ನು ನಿಂತುಕೊಂಡೇ ತೊಳೆಯಬಹುದು. ಕೆಳಗಿನ ಸಾಲಿಗೆ ಕುಕ್ಕರಗಾಲಿನಲ್ಲಿ ಕೂತು, ತಲೆಯನ್ನು ಗೂಡಿನೊಳಗೆ ತೂರಿಸಬೇಕು. ಒಂದು ಚಳಿಗಾಲದ ಬೆಳಿಗ್ಗೆ ಹೀಗೆ ಕೂತ ಮಾವ ಏಳಲಾಗದೆ ಕಾಲು ಗಂಟೆ ಅಲ್ಲೇ ಉಳಿದರು. ಎಡ ಮೊಣಕಾಲು ಮುಷ್ಕರ ಹೂಡಿತ್ತು. ಗೂಡಿನ ಬೆಕ್ಕು, ಇಷ್ಟು ದಿನ ನನ್ನನ್ನು ನೋಡಿದೆಯಲ್ಲ, ಈಗ ನಾನು ನೋಡುತ್ತೇನೆ ಎಂಬಂತೆ ಮುಂಗಾಲು ಮಡಚಿ ಕೂತು ನೋಡಿತಂತೆ.

ಮಾವ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಗೇಟು. ಆಶ್ರಯಧಾಮದಲ್ಲಿ ಬಗ್ಗಲಾಗದವರನ್ನೆಲ್ಲ ಸಾಹೇಬರು ಗೇಟಿನ ಪಕ್ಕದ ಕುರ್ಚಿಗೆ ಕಳಿಸುತ್ತಿದ್ದರು. ಹಿಂದೆ ನಾಯಿ ಅಂಗಳ ನೋಡಿಕೊಳ್ಳುತ್ತಿದ್ದವರು ಸೊಂಟ ಹಿಡಿದುಕೊಂಡು ಆ ಕುರ್ಚಿಗೆ ಹೋಗಿ, ಆರು ತಿಂಗಳಲ್ಲಿ ಬಂದುಹೋದ ವಾಹನಗಳ ನಂಬರು ಬಿಟ್ಟು ಬೇರೆ ಮಾತೇ ಮರೆತಿದ್ದರು. ಮಾವನಿಗೆ ಆ ಕುರ್ಚಿ ಕನಸಿನಲ್ಲೂ ಬರುತ್ತಿತ್ತು.

ಆದ್ದರಿಂದ ಹಳೆಯ ಕೊಡೆಯೊಂದರ ಕೋಲು ಕಿತ್ತರು. ಅದರ ಒಂದು ತುದಿಗೆ ಕೊಂಡಿ, ಇನ್ನೊಂದು ತುದಿಗೆ ಬಟ್ಟೆ ಸುತ್ತುವ ಹಿಡಿಕೆ. ನಿಂತಲ್ಲಿಂದಲೇ ಕೊಂಡಿ ಹಾಕಿ ಟ್ರೇ ಎಳೆಯುವುದು, ಗಲೀಜಾದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸುವುದು, ಊಟ ನೀರು ತಳ್ಳುವುದು. ಬೆಕ್ಕು ಇದ್ದಲ್ಲೇ ಇರಲಿ, ಕಂಬಳಿ ಇದ್ದಂತೆಯೇ ಇರಲಿ. ಗೂಡಿಗೆ ಒಂದು ನಿಮಿಷ. ಆಮೇಲೆ ಪಟ್ಟಿಯಲ್ಲಿ ಹದಿನಾಲ್ಕೂ ನಿಯಮಕ್ಕೆ ಗುರುತು ಹಾಕಿ, ಬಾಲ ಸಮೇತ ಸಹಿ.

ಗುಟ್ಟು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಬಟ್ಟೆ ಹೊಲಿಯುವ ಅತ್ತೆ ಉಳಿದ ತುಂಡುಗಳನ್ನು ಜೋಡಿಸಿ ಬೆಕ್ಕುಗಳಿಗೆ ಕಂಬಳಿ ಹೊಲಿದು ಕೊಡುತ್ತಿದ್ದರು. ಸಂಜೆ ಮಾವನ ಮೊಣಕಾಲಿಗೆ ಮುಲಾಮು ತಿಕ್ಕುವುದೂ ಅವರ ಪಾಲಿಗೇ ಬಂದಿತ್ತು.

"ಏನ್ರೀ, ಇವತ್ತು ಎಷ್ಟು ಸುಳ್ಳು?" ಎಂದು ಕೇಳುತ್ತಾ ತಿಕ್ಕುವರು.

"ಹನ್ನೆರಡೇ ಕಣೇ. ದಿನಾ ಅಷ್ಟೇ ತಾನೆ. ಸ್ವಲ್ಪ ಮೆತ್ತಗೆ."

"ಮೆತ್ತಗೆ ತಿಕ್ಕಿದ್ರೆ ಸತ್ಯ ಹೇಳ್ತೀರಾ?"

ಹೀಗಿರುವಾಗ ಬೇಸಿಗೆ ರಜೆಗೆ ಒಬ್ಬಳು ಹುಡುಗಿ ಬಂದಳು. ಪಶುವೈದ್ಯಕೀಯ ಕಾಲೇಜಿನ ಮೂರನೆಯ ವರ್ಷದವಳು. ಆ ಕಾಲೇಜಿನವರು ರಜೆಯಲ್ಲಿ ಕೆಲವು ವಿದ್ಯಾರ್ಥಿಗಳನ್ನು ಆರಿಸಿ, ಹತ್ತು ವಾರ ಆಶ್ರಯಧಾಮಗಳಲ್ಲಿ ಸಂಶೋಧನೆ ಮಾಡಲು ಕಳಿಸುತ್ತಾರೆ. ಕೊನೆಯ ದಿನ ಪ್ರೊಫೆಸರ ಎದುರು, ಸಂಸ್ಥೆಯ ಹಿರಿಯರ ಎದುರು ನಿಂತು, ಏನು ಕಂಡೆ ಎಂದು ಹೇಳಬೇಕು. ಇವಳಿಗೆ ಸಿಕ್ಕಿದ್ದು ಬೆಕ್ಕುಗಳ ಶೀತ. ಒಂದೇ ಕಡೆ ತುಂಬಾ ಬೆಕ್ಕುಗಳಿದ್ದರೆ ಒಂದರಿಂದೊಂದಕ್ಕೆ ಮೂಗು ಸೋರುವುದು, ಕಣ್ಣು ಅಂಟುವುದು ಎಲ್ಲೆಡೆ ಇರುವ ತೊಂದರೆ. ಹೊಸದಾಗಿ ಬಂದ ಶುಚಿ ಔಷಧಿಯಿಂದ ಅದು ಕಡಿಮೆಯಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಎಡಗೋಡೆಗೆ ಹಳೆಯ ಔಷಧಿ, ಬಲಗೋಡೆಗೆ ಹೊಸದು. ಯಾವ ಬೆಕ್ಕು ಯಾವ ಗೂಡಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು.

"ನಮಸ್ಕಾರ ಡಾಕ್ಟ್ರಮ್ಮ" ಎಂದರು ಮಾವ ಮೊದಲ ದಿನ.

"ಇನ್ನೂ ಡಾಕ್ಟರ್ ಆಗಿಲ್ಲ ಮಾವ. ಎರಡು ವರ್ಷ ಇದೆ."

"ಅರ್ಧ ಆಗಿದೀರಲ್ಲ. ಬೆಕ್ಕಿನ ಸೈಜಿಗೆ ಅಷ್ಟು ಸಾಕು."

ಅವಳು ಕೋಣೆಯ ನಡುವೆ ಸ್ಟೂಲು ಹಾಕಿಕೊಂಡು, ಒತ್ತಿದರೆ ಟಿಕ್ ಎನ್ನುವ ಎಣಿಕೆ ಯಂತ್ರ ಹಿಡಿದು, ಬೆಳಿಗ್ಗೆ ಒಂದು ಗಂಟೆ ಸಂಜೆ ಒಂದು ಗಂಟೆ ಸೀನು ಎಣಿಸುತ್ತಿದ್ದಳು. ಮೂಗು ಎಷ್ಟು ಸೋರುತ್ತಿದೆ, ಕಣ್ಣು ಎಷ್ಟು ಕೆಂಪಾಗಿದೆ ಎಂದು ಪ್ರತಿ ಬೆಕ್ಕಿಗೂ ಅಂಕ ಕೊಡುತ್ತಿದ್ದಳು. ಮೊದಲ ದಿನವೇ ಮಾವ ಕೋಲನ್ನು ಕಪಾಟಿನ ಹಿಂದೆ ಅಡಗಿಸಿಟ್ಟರು. ಕೋಣೆಯಲ್ಲೇ ಒಂದು ಜೊತೆ ಕಣ್ಣು ಬಂದು ಕೂತರೆ ಕೊಡೆಕೋಲಿನ ಗತಿಯೇನು? ಕಾಪಾಡಿದ್ದು ಸಾಹೇಬರ ಮೂರನೆಯ ನಿಯಮ: ಶುಚಿ ಮಾಡುವಾಗ ಬೇರೆ ಯಾರೂ ಒಳಗಿರಕೂಡದು. ಮಾವ ಆರೂವರೆಗೆ ಬಾಗಿಲು ಹಾಕಿಕೊಂಡರೆ ಒಂಬತ್ತಕ್ಕೇ ತೆರೆಯುತ್ತಿದ್ದದ್ದು. ಆ ನಿಯಮವನ್ನು ಅವರು ಡಾಕ್ಟ್ರಮ್ಮನಿಗೆ ಎರಡು ಸಲ ಬೆರಳಿಟ್ಟು ಓದಿಸಿದರು.

ಒಂದು ಮಾತು ಅವರ ಪರವಾಗಿ ಹೇಳಬೇಕು. ಔಷಧಿಯ ವಿಷಯದಲ್ಲಿ ಮಾವ ಕಟ್ಟುನಿಟ್ಟು. ಕೋಲಿನ ತುದಿಯ ಬಟ್ಟೆಯನ್ನು ಎಡಕ್ಕೆ ಹಳೆಯದರಲ್ಲಿ, ಬಲಕ್ಕೆ ಹೊಸದರಲ್ಲಿ ಅದ್ದುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಸುಳ್ಳಿನೊಳಗೆ ಅಷ್ಟು ಸತ್ಯ ಇಟ್ಟುಕೊಂಡಿದ್ದರು.

ಆರು ವಾರ ಕಳೆಯಿತು. ಒಂದು ಮಧ್ಯಾಹ್ನ ಡಾಕ್ಟ್ರಮ್ಮ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು.

"ಈ ಆರು ವಾರ ಬಂದುಹೋದವೂ ಸೇರಿ ಎಡಗಡೆ ಹದಿಮೂರು ಬೆಕ್ಕಿಗೆ ಶೀತ ಬಂತು, ಬಲಗಡೆ ಹನ್ನೆರಡಕ್ಕೆ. ಔಷಧಿಯಿಂದ ಏನೂ ವ್ಯತ್ಯಾಸ ಇಲ್ಲ ಮಾವ."

"ಹೋಗ್ಲಿ ಬಿಡಿ. ಇಲ್ಲ ಅಂತ ಗೊತ್ತಾಗೋದೂ ಒಂದು ವಿದ್ಯೆ."

"ಆದ್ರೆ ಇದು ನೋಡಿ. ಮೇಲಿನ ಸಾಲಲ್ಲಿ ಹತ್ತೊಂಬತ್ತು. ಕೆಳಗಿನ ಸಾಲಲ್ಲಿ ಬರೀ ಆರು! ಎರಡು ಗೋಡೆಗೂ ಹಾಗೇ. ಯಾಕಿರಬಹುದು?"

ಮಾವನ ಕೈಯಲ್ಲಿದ್ದ ಬಕೆಟ್ಟು ತಾನಾಗಿಯೇ ಕೆಳಗೆ ಕೂತಿತು.

"ಅದು... ತಂಪು ಇರುತ್ತಲ್ಲ ಕೆಳಗೆ" ಎಂದರು.

"ಹೌದಲ್ವಾ!" ಎಂದು ಅವಳು ಬರೆದುಕೊಂಡಳು. ಮಾರನೆಯ ದಿನ ಮೇಲೊಂದು ಕೆಳಗೊಂದು ಥರ್ಮಾಮೀಟರು ತೂಗುಹಾಕಿದಳು. ಟ್ಯೂಬ್ ಲೈಟಿನ ಬೆಳಕು ಅಳೆದಳು. ಬಂದವರು ಮೇಲಿನ ಗೂಡಿಗೆ ಎಷ್ಟು ಸಲ ಮುಖ ಇಟ್ಟು "ಚಿನ್ನೂ" ಎನ್ನುತ್ತಾರೆ ಎಂದು ಎಣಿಸಿದಳು. ಅವಳು ಕೇಳದಿದ್ದರೂ ಮಾವ ದಿನಕ್ಕೊಂದು ಕಾರಣ ಒದಗಿಸುತ್ತಿದ್ದರು. ಕಿಟಕಿ ಗಾಳಿ ಅಂದರು. ಕೆಳಗಿನ ಬೆಕ್ಕುಗಳು ಸ್ವಭಾವತಃ ಶಾಂತ ಅಂದರು. ಅವಳು ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಳ್ಳುವುದನ್ನು ನೋಡಿ, ತಾನೂ ಒಂದು ಬಗೆಯ ಸಂಶೋಧಕನೇ ಎಂಬ ನಂಬಿಕೆ ಅವರಲ್ಲಿ ಮೊಳೆಯಿತು. ಬೀದಿಯಲ್ಲಿ ಸಿಕ್ಕರೆ "ನಮ್ಮ ರಿಸರ್ಚ್ ಒಂದು ಹಂತಕ್ಕೆ ಬಂದಿದೆ" ಎನ್ನತೊಡಗಿದರು.

ಸುದ್ದಿ ಸಾಹೇಬರ ಕಿವಿಗೂ ಬಿತ್ತು. ಅವರು ಕೈ ಹಿಂದೆ ಕಟ್ಟಿ ಬಂದು, ಎರಡೂ ಸಾಲು ನೋಡಿ, ಎಂಟು ಸೆಕೆಂಡಿನಲ್ಲಿ ತೀರ್ಮಾನಕ್ಕೆ ಬಂದರು.

"ಎತ್ತರ. ಎತ್ತರವೇ ಶತ್ರು. ನಂಗೆ ಮೊದಲೇ ಅನುಮಾನ ಇತ್ತು. ಮೇಲಿನ ಗೂಡುಗಳನ್ನ ಕೆಳಗಿಳಿಸಿ, ಪಕ್ಕದ ಸ್ಟೋರ್ ರೂಮಲ್ಲಿ ನೆಲಕ್ಕೇ ಜೋಡಿಸೋಣ. ಇಪ್ಪತ್ನಾಲ್ಕೂ ನೆಲದ ಮೇಲೆ!"

ಮಾವನ ಎಡ ಮೊಣಕಾಲು ಚುಳ್ ಎಂದಿತು.

"ಆಮೇಲೆ ಶುಚಿಯನ್ನ ಮೊದಲ ಒಂದು ತಿಂಗಳು ನಾನೇ ಪಕ್ಕದಲ್ಲಿ ನಿಂತು ನೋಡ್ತೀನಿ" ಎಂದು ಸಾಹೇಬರು ಮುಗಿಸಿದರು. "ಇಪ್ಪತ್ನಾಲ್ಕು ಗೂಡು, ಹದಿನಾಲ್ಕು ನಿಯಮ. ನಾಲ್ಕು ಊರಿಂದ ಜನ ಬಂದು ನೋಡ್ಕೊಂಡು ಹೋಗ್ಬೇಕು."

ಆ ಸಂಜೆ ಮುಲಾಮು ಎರಡು ಪಟ್ಟು ಬೇಕಾಯಿತು.

"ಸುಮ್ನೆ ಹೇಳಿಬಿಡಿ ಅತ್ಲಾಗೆ" ಎಂದರು ಅತ್ತೆ.

"ಹೇಳಿದ್ರೆ ಗೇಟು."

"ಹೇಳ್ದಿದ್ರೂ ಗೇಟೇ. ಸಾಹೇಬ್ರ ಎದುರು ಇಪ್ಪತ್ನಾಲ್ಕು ಸಲ ಕುಕ್ಕರಿಸಿ ಏಳ್ತೀರಾ? ಮೂರನೇ ಸಲಕ್ಕೆ ಎತ್ಕೊಂಡು ಬರ್ಬೇಕಾಗುತ್ತೆ. ನನ್ನಿಂದಂತೂ ಎತ್ತೋಕಾಗಲ್ಲ, ಮೊದಲೇ ಹೇಳಿದೀನಿ."

ಡಾಕ್ಟ್ರಮ್ಮ ಮಾತ್ರ ಸಾಹೇಬರಷ್ಟು ಬೇಗ ನಂಬುವವಳಲ್ಲ. ಎತ್ತರವೇ ಕಾರಣವಾದರೆ ಬೆಕ್ಕುಗಳನ್ನು ಅದಲುಬದಲು ಮಾಡಿದಾಗ ಶೀತವೂ ಅದಲುಬದಲಾಗಬೇಕು ಎಂದಳು. ಮೇಲಿನ ಆರು ಕೆಳಕ್ಕೆ, ಕೆಳಗಿನ ಆರು ಮೇಲಕ್ಕೆ. ಯಾವ ಆರು ಎನ್ನುವುದಕ್ಕೆ ಬಿಸ್ಕತ್ತಿನ ಡಬ್ಬದಲ್ಲಿ ಚೀಟಿ.

"ನೀವೇ ಎತ್ತಿ ಮಾವ. ನಿಮ್ಮ ಕೈ ಒಳ್ಳೇದು."

ಒಳ್ಳೆಯ ಕೈ ಡಬ್ಬದೊಳಗೆ ಹೋಗಿ ಮೊದಲು ಎತ್ತಿದ್ದೇ ಹೆಡ್ಮಾಸ್ತರನ ಚೀಟಿ.

ಹೆಡ್ಮಾಸ್ತರ ಎಂದರೆ ಕೆಂಚು ಬಣ್ಣದ ಹಳೆಯ ಗಂಡುಬೆಕ್ಕು. ಒಂದು ಕಿವಿ ಅರ್ಧ. ಯಾರು ಎದುರು ನಿಂತರೂ ಮನೆಪಾಠ ಮಾಡಿಕೊಂಡು ಬಂದಿಲ್ಲ ಎಂಬಂತೆ ನೋಡುತ್ತದೆ. ಹಾಗಾಗಿಯೇ ಯಾರೂ ಕರೆದುಕೊಂಡು ಹೋಗದೆ ಐದು ತಿಂಗಳಿಂದ ಕೆಳಸಾಲಿನ ಮೂಲೆಗೂಡಿನಲ್ಲಿ, ಅತ್ತೆ ಹೊಲಿದ ನೀಲಿ ಕಂಬಳಿಯ ಮೇಲೆ ಕೂತಿತ್ತು. ಒಂದು ದಿನವೂ ಸೀನಿರಲಿಲ್ಲ. ಮಾವನ ಕೋಲು ಒಳಗೆ ಬಂದರೆ ಕೊಂಡಿಗೆ ಒಮ್ಮೆ ಕೆನ್ನೆ ಉಜ್ಜಿ, ಸರಿ ಮುಂದಿನ ಪಾಠ ಎನ್ನುವಂತೆ ಪಕ್ಕಕ್ಕೆ ಸರಿಯುತ್ತಿತ್ತು.

ಅದು ಮೇಲಕ್ಕೆ ಹೋಯಿತು. ಮೇಲಿನ ಸಾಲಿನಲ್ಲಿ ಮಾವ ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡುತ್ತಿದ್ದರಲ್ಲ. ಮೊದಲ ದಿನ ಕುತ್ತಿಗೆ ಹಿಡಿದು ಪೆಟ್ಟಿಗೆಗೆ ಹಾಕಿದಾಗ ಹೆಡ್ಮಾಸ್ತರ ಅವರನ್ನು ನೋಡಿದ ನೋಟಕ್ಕೆ ಮಾವ "ಕೆಲಸ ಕಣಪ್ಪಾ" ಎಂದು ಸಮಜಾಯಿಷಿ ಕೊಟ್ಟರು. ಎರಡನೆಯ ದಿನ ಅದು ತೊಳೆದ ಗೂಡಿನ ಹಿಂಬದಿಗೆ ಅಂಟಿಕೊಂಡು ಕೂತಿತು. ಮೂರನೆಯ ದಿನ ಊಟ ಮುಟ್ಟಲಿಲ್ಲ. ಒಗೆದ ಕಂಬಳಿಯನ್ನು ಮೂಸಿ ಮೂಸಿ ನೋಡಿ, ತನ್ನದಲ್ಲ ಎಂದು ಅದರ ಮೇಲೆ ಕೂರದೆ ಬರಿಯ ತಗಡಿನ ಮೇಲೆ ಕೂತಿತು. ಐದನೆಯ ದಿನ ಸೀನಿತು.

ಡಾಕ್ಟ್ರಮ್ಮನ ಯಂತ್ರ ಟಿಕ್ ಎಂದಿತು. ಆ ಟಿಕ್ಕು ಎಲ್ಲಿಗೆ ಬಿತ್ತು ಎಂದು ಅವಳಿಗೆ ಗೊತ್ತಾಗಲಿಲ್ಲ.

ಮಾವ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತರು. ಇಪ್ಪತ್ತೆರಡು ವರ್ಷ ಅವರು ಗೂಡು ಹೊಳೆಯುತ್ತಿದೆಯೇ ಎಂದು ನೋಡಿದ್ದರು. ಅದರೊಳಗೆ ಬೆಕ್ಕು ಎಲ್ಲಿ ಕೂತಿದೆ ಎಂದು ನೋಡಿರಲಿಲ್ಲ. ಮನೆಯಲ್ಲಿ ಬೆಳಿಗ್ಗೆ ಯಾರಾದರೂ ಬಂದು, ನಮ್ಮನ್ನು ಎತ್ತಿ ಪೆಟ್ಟಿಗೆಗೆ ಹಾಕಿ, ಹಾಸಿಗೆ ಬದಲಾಯಿಸಿ, ಗೋಡೆಗೆಲ್ಲ ಘಾಟು ನೀರು ಹೊಡೆದು, ಮತ್ತೆ ಒಳಗೆ ಬಿಟ್ಟು ಸಹಿ ಹಾಕಿಕೊಂಡು ಹೋದರೆ, ಅದೂ ದಿನಾ, ನಮಗಾದರೂ ಮೈಯಲ್ಲಿ ಸರಿ ಇರುತ್ತದೆಯೇ? ತಾನು ಮೈಮುರಿದು ದುಡಿದ ಗೂಡಿನ ಬೆಕ್ಕು ಕಾಯಿಲೆ ಬೀಳುತ್ತದೆ, ಕಳ್ಳಾಟ ಆಡಿದ ಗೂಡಿನದು ಸುಖವಾಗಿರುತ್ತದೆ. ಸೋಮಾರಿತನ ಬಯಲಾಗುವುದನ್ನಾದರೂ ಸಹಿಸಬಹುದು. ಶ್ರದ್ಧೆಯೇ ತಪ್ಪಾಗಿತ್ತು ಎಂದರೆ ಮನುಷ್ಯ ಯಾರ ಹತ್ತಿರ ಹೇಳಿಕೊಳ್ಳಬೇಕು?

ಆದರೂ ಖಾತ್ರಿಯಾಗಲಿ ಎಂದು ಮಾರನೆಯ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಆ ಒಂದು ಮೇಲಿನ ಗೂಡಿಗೆ ಮಾತ್ರ ಕೊಡೆಕೋಲು ಹಿಡಿದರು. ಹಳೆಯ ನೀಲಿ ಕಂಬಳಿಯನ್ನು ಒಗೆಯುವ ಬುಟ್ಟಿಯ ತಳದಿಂದ ಹುಡುಕಿ ತಂದು ಒಳಗೆ ಹಾಕಿದರು. ಹೆಡ್ಮಾಸ್ತರ ಅದರಲ್ಲಿ ಮೂಗು ಹುದುಗಿಸಿ ಒಂದು ಸುತ್ತು ತಿರುಗಿ ಮಲಗಿತು. ನಾಲ್ಕು ದಿನಕ್ಕೆ ತಟ್ಟೆ ನೆಕ್ಕಿ ಖಾಲಿ ಮಾಡಿತು. ಎಂಟು ದಿನಕ್ಕೆ ಸೀನು ನಿಂತಿತು. ಮಾವ ಪಟ್ಟಿಯಲ್ಲಿ ಹದಿಮೂರನೆಯ ಸುಳ್ಳು ಸಹಿ ಹಾಕಿದರು.

ಹತ್ತನೆಯ ವಾರದ ಕೊನೆಗೆ ಡಾಕ್ಟ್ರಮ್ಮ ಸ್ಟೂಲಿನ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದಳು.

"ಏನಾಯ್ತು?"

"ಹೆಡ್ಮಾಸ್ತರ ನನ್ನ ಫೇಲ್ ಮಾಡ್ದ ಮಾವ. ಮೇಲೆ ಹೋದ ಬೆಕ್ಕಲ್ಲಿ ಉಳಿದ ಐದರಲ್ಲಿ ನಾಲ್ಕಕ್ಕೆ ಶೀತ ಹಿಡೀತು, ಬಿಡ್ಲೇ ಇಲ್ಲ. ಇವನೊಬ್ಬ ಅಲ್ಲೇ ಕೂತು ವಾಸಿಯಾದ. ಎತ್ತರ ಅಷ್ಟೇ ಇದೆ. ಬೆಳಕು, ಗಾಳಿ ಎಲ್ಲಾ ಅಷ್ಟೇ. ಹಾಗಾದ್ರೆ ಎತ್ತರ ಕಾರಣ ಅಲ್ಲ."

"ಸಾಹೇಬ್ರು ಏನಂದ್ರು?"

"ಒಂದು ಬೆಕ್ಕು ತಾನೆ, ಲೆಕ್ಕದಿಂದ ತೆಗೆದುಹಾಕಮ್ಮ ಅಂದ್ರು."

"ತೆಗೀತೀರಾ?"

ಅವಳು ಕಣ್ಣು ಅಗಲಿಸಿ ನೋಡಿದಳು. "ಅವನು ಇದಾನಲ್ಲ ಮಾವ, ಎದುರಿಗೇ! ಇಲ್ಲ ಅಂತ ಹೇಗೆ ಬರೀಲಿ? ಸೋಮವಾರ ಎಲ್ಲರ ಮುಂದೆ ನಿಂತು ನಂಗೆ ಗೊತ್ತಾಗ್ಲಿಲ್ಲ ಅಂತೀನಿ. ಹತ್ತು ವಾರ ಸೀನು ಎಣಿಸಿ ಗೊತ್ತಾಗ್ಲಿಲ್ಲ ಅಂತ." ಮೂಗು ಒರೆಸಿಕೊಂಡಳು. ಅದು ಶೀತದ್ದಲ್ಲ.

ಮಾವ ಹೊರಗೆ ನೋಡಿದರು. ಕಿಟಕಿಯಾಚೆ ಗೇಟಿನ ಪಕ್ಕದ ಕುರ್ಚಿ ಬಿಸಿಲಿನಲ್ಲಿ ಖಾಲಿಯಾಗಿತ್ತು. ಅಲ್ಲಿ ಕೂರುತ್ತಿದ್ದವರು ಅದರ ಹಿಂದಿನ ತಿಂಗಳು ಮಗಳ ಮನೆಗೆ ಹೋಗಿಬಿಟ್ಟಿದ್ದರು. ಕುರ್ಚಿಯ ಒಂದು ಕೈ ಮುರಿದಿತ್ತು. ಮಾವ ಕಪಾಟಿನ ಹಿಂದಿನಿಂದ ಕೊಡೆಕೋಲು ತೆಗೆದು ಅವಳ ಮುಂದೆ ಇಟ್ಟರು.

"ಇದು ಹೆಡ್ಮಾಸ್ತರನ ಬೆತ್ತ" ಎಂದರು. ಆಮೇಲೆ ಎಲ್ಲ ಹೇಳಿದರು. ಮೊಣಕಾಲು, ಕೊಂಡಿ, ಒಂದು ನಿಮಿಷ, ಸಹಿ, ನೀಲಿ ಕಂಬಳಿ. ಹೇಳಿ, ಬೈಸಿಕೊಳ್ಳಲು ತಲೆ ಬಗ್ಗಿಸಿ ನಿಂತರು.

ಡಾಕ್ಟ್ರಮ್ಮ ಬೈಯಲಿಲ್ಲ. ಸ್ಟೂಲಿನಿಂದ ಎಗರಿದಳು. ಸ್ಟೂಲು ಬಿತ್ತು, ನಾಲ್ಕು ಬೆಕ್ಕು ಬೆಚ್ಚಿದವು.

"ಯಾವ ತಾರೀಖಿಂದ?"

"ಆಂ?"

"ಕೆಳಗಿನ ಸಾಲು ತೊಳೆಯೋದು ಬಿಟ್ಟಿದ್ದು ಯಾವ ತಾರೀಖಿಂದ ಮಾವ? ವಾರಕ್ಕೆ ಎಷ್ಟು ಸಲ ಕಂಬಳಿ ಬದಲಾಯಿಸ್ತಿದ್ರಿ? ಯಾವತ್ತಾದರೂ ಮನಸ್ಸು ತಡೀದೆ ಪೂರ್ತಿ ತೊಳೆದಿದ್ದೀರಾ? ನೆನಪು ಮಾಡ್ಕೊಳ್ಳಿ, ಪ್ಲೀಸ್!"

ಮಾವನಿಗೆ ಸ್ವಲ್ಪ ನಿರಾಸೆಯೇ ಆಯಿತಂತೆ. ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಪಾಪವನ್ನು ಒಪ್ಪಿಸಿದರೆ, ಅದಕ್ಕೆ ತಾರೀಖು ಹಾಕಿ ಕೊಡಿ ಎನ್ನುವುದೇ?

"ಆದ್ರೆ ನನ್ನ ವಿಷಯ ಬರೀಬೇಡಿ. ಒಬ್ಬ ಕೆಲಸಗಾರ ಅಂತ ಬರೀರಿ."

"ಈ ಕೋಣೇಲಿ ಇರೋದೇ ಒಬ್ರಲ್ವಾ ಮಾವ."

"ಹಾಗಾದ್ರೆ ಇಬ್ರು ಅಂತ ಬರೀರಿ."

ಅವಳು ನಗುತ್ತಾ ನಗುತ್ತಾ ನಿಲ್ಲಿಸಿದಳು. "ಸುಳ್ಳು ಬರೆಯೋಕಾಗಲ್ಲ. ನೀವು ಬೇಡ ಅಂದ್ರೆ ಬರೆಯೋದೇ ಇಲ್ಲ. ಗೊತ್ತಾಗ್ಲಿಲ್ಲ ಅಂತೀನಿ. ಇದು ನಿಮ್ಮ ಕೆಲಸದ ಪ್ರಶ್ನೆ."

ಭಾನುವಾರ ಬೆಳಿಗ್ಗೆ ಮಾವ ಅತ್ತೆಯ ಹೊಲಿಗೆ ಯಂತ್ರದ ಪಕ್ಕ ನಿಂತು, "ಹೆಡ್ಮಾಸ್ತರನ್ನ ನೆಲಕ್ಕಿಳಿಸಿ ದಿನಾ ಸಾಹೇಬ್ರ ಎದುರು ಹದಿನಾಲ್ಕು ಥರ ತೊಳೆದ್ರೆ ಅದು ಉಳಿಯಲ್ಲ ಕಣೇ" ಎಂದರು.

ಅತ್ತೆ ಯಂತ್ರ ನಿಲ್ಲಿಸದೆ, "ಒಳ್ಳೇ ಶರ್ಟು ಇಸ್ತ್ರಿ ಮಾಡಿಟ್ಟಿದೀನಿ, ನಾಳೆಗೆ" ಎಂದರು.

ಸೋಮವಾರ ಸಭಾಂಗಣದಲ್ಲಿ ಪ್ರೊಫೆಸರ್ ಮೇಡಂ, ಸಂಸ್ಥೆಯ ಹಿರಿಯರು ಏಳೆಂಟು ಜನ, ಮುಂದಿನ ಸಾಲಿನಲ್ಲಿ ಸಾಹೇಬರು. ಡಾಕ್ಟ್ರಮ್ಮ ಎಲ್ಲ ಹೇಳಿದಳು. ಎಡ ಬಲ, ಮೇಲೆ ಕೆಳಗೆ, ಅದಲುಬದಲು, ಹೆಡ್ಮಾಸ್ತರ. ಕೊನೆಗೆ, "ಕೆಳಗಿನ ಗೂಡುಗಳನ್ನ ಶುಚಿ ಮಾಡಿದ ಕ್ರಮವನ್ನ ಅದನ್ನ ಮಾಡಿದವರೇ ತೋರಿಸ್ತಾರೆ" ಎಂದು ಬಾಗಿಲ ಕಡೆ ಕೈ ತೋರಿಸಿದಳು. ಇಸ್ತ್ರಿ ಶರ್ಟಿನ ಮಾವ ಕೊಡೆಕೋಲು ಹಿಡಿದು ಒಳಗೆ ಬಂದರು. ಅಲ್ಲಿ ತಂದಿಟ್ಟಿದ್ದ ಖಾಲಿ ಗೂಡೊಂದರಲ್ಲಿ ಕೊಂಡಿ ಹಾಕಿ ಟ್ರೇ ಎಳೆದರು, ಬಟ್ಟೆ ಆಡಿಸಿದರು, ತಟ್ಟೆ ತಳ್ಳಿದರು. ಒಂದು ನಿಮಿಷ. ಅಭ್ಯಾಸಬಲದಿಂದ ಗೂಡಿಗೆ "ಆಯ್ತು ಸ್ವಾಮಿ" ಎಂದೂ ಅಂದರು.

ಪ್ರೊಫೆಸರ್ ಮೇಡಂ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಇದನ್ನೇ ನಾನು ಮೂರು ವರ್ಷದಿಂದ ಹೇಳ್ತಿದೀನಿ! ಗಲೀಜಾದಷ್ಟೇ ಒರೆಸಿ, ಬೆಕ್ಕಿಗೆ ಅದರದೇ ಜಾಗ ಅದರದೇ ವಾಸನೆ ಬಿಡಿ, ಗಾಬರಿ ಕಡಿಮೆ ಆದ್ರೆ ಶೀತಾನೂ ಕಡಿಮೆ ಆಗುತ್ತೆ ಅಂತ. ನಿಮ್ಮ ಮ್ಯಾನೇಜರು ಒಂದು ದಿನಕ್ಕೂ ಒಪ್ಪಲಿಲ್ಲ. ಇಲ್ಲಿ ನೋಡಿದ್ರೆ ಎಂಟು ತಿಂಗಳಿಂದ ನಡೀತಾನೇ ಇದೆ!"

ಸಾಹೇಬರು ಎದ್ದು ನಿಂತರು. ಕೈಯಲ್ಲಿ ಸಹಿಪುಸ್ತಕ.

"ಹಾಗಾದ್ರೆ ಇದೇನು? ದಿನಾ ಇಪ್ಪತ್ನಾಲ್ಕು ಸಹಿ. ಹದಿನಾಲ್ಕು ನಿಯಮವನ್ನೂ ಪಾಲಿಸಿದೀನಿ ಅಂತ. ಯಾರದಿದು?"

"ನಂದೇ ಸಾರ್" ಎಂದರು ಮಾವ. "ಹದಿನಾಲ್ಕನೇ ನಿಯಮ ಒಂದನ್ನ ಮಾತ್ರ ಒಂದು ದಿನಾನೂ ತಪ್ಪಿಸಿಲ್ಲ."

ಹಿರಿಯರಲ್ಲಿ ಒಬ್ಬರಿಗೆ ಕೆಮ್ಮು ಬಂತು. ನಗುವಿಗೆ ಹಾಗೂ ಒಂದು ಹೆಸರಿದೆ.

ನಗು ನಗುವಿನ ಕಡೆ, ಸುಳ್ಳು ಸಹಿ ಸುಳ್ಳೇ. ಸಂಜೆಯೊಳಗೆ ಆದೇಶ ಟೈಪಾಯಿತು: ಬೆಕ್ಕುಗಳಿಗೆ ಮೇಡಂ ಹೇಳಿದ ಹೊಸ ಪದ್ಧತಿ, ಮಾವನಿಗೆ ಮುಂದಿನ ತೀರ್ಮಾನದವರೆಗೆ ಗೇಟು. ಮಾವ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟು, ಕೊಡೆಕೋಲನ್ನು "ಇದು ನನ್ನ ಸ್ವಂತದ್ದು" ಎಂದು ಮನೆಗೆ ತಂದರು. ಡಾಕ್ಟ್ರಮ್ಮ ಕಾಲೇಜಿಗೆ ಹಿಂತಿರುಗುವ ದಿನ ಗೇಟಿನಲ್ಲಿ ಅವರ ಎದುರು ನಿಂತು ಏನು ಹೇಳಬೇಕೆಂದು ತಿಳಿಯದೆ ಒದ್ದಾಡಿದಾಗ, ಮಾವನೇ ಪುಸ್ತಕ ಮುಂದೆ ಚಾಚಿದರು. "ಹೊರಗೆ ಹೋಗೋರು ಸಹಿ ಹಾಕ್ಬೇಕು ಡಾಕ್ಟ್ರಮ್ಮ. ನಿಜದ ಸಹಿ."

ಬೆಕ್ಕಿನ ಕೋಣೆಗೆ ಬೇರೆ ಜನ ಇರಲಿಲ್ಲ. "ಹೊಸ ಪದ್ಧತಿ ಅಂದ್ರೆ ಏನೂ ಮಾಡದೆ ಇರೋದು ತಾನೆ, ನಾನೇ ನೋಡ್ಕೋತೀನಿ" ಎಂದು ಸಾಹೇಬರು ಕೀಲಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. ಮೊದಲ ದಿನ ಏನೂ ಮಾಡಲಿಲ್ಲ, ಕೋಣೆ ನಾರಿತು. ಎರಡನೆಯ ದಿನ ಕೈ ತಡೆಯದೆ ಎಲ್ಲವನ್ನೂ ಉಜ್ಜಿದರು. ಗಲೀಜಾದಷ್ಟೇ ಎಂದರೆ ಎಷ್ಟು ಎಂದು ನೋಡಿ ತಿಳಿಯಲು ಬೆಕ್ಕಿನ ಮುಖ ನೋಡಬೇಕು. ಸಾಹೇಬರಿಗೆ ಅಭ್ಯಾಸವಿದ್ದದ್ದು ಪಟ್ಟಿ ನೋಡುವುದು. ಮತ್ತೆ ಕೆಳಸಾಲಿಗೆ ಬಂದಿದ್ದ ಹೆಡ್ಮಾಸ್ತರ ನಾಲ್ಕನೆಯ ದಿನ ಅವರ ಮಣಿಕಟ್ಟಿನ ಮೇಲೆ ಮೂರು ಕೆಂಪು ಗೆರೆ ಎಳೆದು ತಪ್ಪು ತಿದ್ದಿತು. ಒಂಬತ್ತನೆಯ ದಿನ ಸಾಹೇಬರು ಸೊಂಟ ಹಿಡಿದುಕೊಂಡು ಗೇಟಿಗೆ ಬಂದರು.

"ಆ ಕೋಲು ಎಲ್ಲಿದೆ?"

"ಮನೇಲಿದೆ ಸಾರ್."

"ತಂದುಕೊಡಿ."

"ಅದು ಒಂದೇ ಬರೋದಿಲ್ಲ ಸಾರ್."

ಒಂದು ಲಾರಿ ಹೋಯಿತು. ಮಾವ ಅದರ ನಂಬರು ಬರೆದುಕೊಳ್ಳಲು ಪೆನ್ನು ತೆಗೆದು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು.

"ಆಯ್ತು ಮಾರಾಯ್ರೆ, ಏಳಿ" ಎಂದರು ಸಾಹೇಬರು. ಎನ್ನುತ್ತಲೇ ಮಾವ ಎದ್ದ ಕುರ್ಚಿಯಲ್ಲಿ ತಾವೇ ಒಂದು ನಿಮಿಷ ಕೂತರು. ಸೊಂಟ ಅಷ್ಟು ನೋಯುತ್ತಿತ್ತು.

ಈಗ ಬಾಗಿಲ ಮೇಲೆ ಹೊಸ ನಿಯಮಗಳಿವೆ. ಹದಿನೈದು, ಪ್ಲಾಸ್ಟಿಕ್ ಹೊದಿಸಿದೆ, ಅತಿಥಿಗಳಿಗೆ ಸಾಹೇಬರೇ ಓದಿ ಹೇಳುತ್ತಾರೆ. ಅಗತ್ಯವಿಲ್ಲದಿದ್ದರೆ ಬೆಕ್ಕನ್ನು ಮುಟ್ಟಬಾರದು ಎನ್ನುವಲ್ಲಿಗೆ ಬಂದಾಗ ಅವರ ದನಿ, ತಾವು ಹುಟ್ಟಿದಾಗಿನಿಂದ ಹಾಗೆಯೇ ನಂಬಿದ್ದಂತೆ ಗಂಭೀರವಾಗುತ್ತದೆ. ಸಹಿಪುಸ್ತಕ ನಾನು ನೋಡಿದ್ದೇನೆ. ದಿನಕ್ಕೆ ಇಪ್ಪತ್ನಾಲ್ಕು, ಎಲ್ಲವೂ ನಿಜ. ಯಾಕೋ ಬಾಲ ಪಕ್ಕದ ಅಂಕಣಕ್ಕೆ ಹೋಗುವುದಿಲ್ಲ.

ಹೋದ ತಿಂಗಳು ಡಾಕ್ಟ್ರಮ್ಮನ ಪ್ರಬಂಧ ಅಚ್ಚಾಗಿ ಅಂಚೆಯಲ್ಲಿ ಬಂತು. ಮಾವ ಅದನ್ನು ಹಿಡಿದುಕೊಂಡು ಬೀದಿಯ ಎಂಟು ಮನೆಗೂ ಹೋಗಿ, ನಮ್ಮಲ್ಲಿಗೂ ಬಂದು, ಕೊನೆಯ ಪುಟವನ್ನು ಓದಿಸಿದರು. ಅಲ್ಲಿ ಪ್ರೊಫೆಸರಿಗೆ, ಸಂಸ್ಥೆಗೆ ಕೃತಜ್ಞತೆ ಹೇಳಿದ ಮೇಲೆ ಒಂದು ಸಾಲು ಇತ್ತು: ಬೆಕ್ಕಿನ ಕೋಣೆಯ ಮೇಲ್ವಿಚಾರಕರಿಗೂ, ವಿಶೇಷವಾಗಿ ಅವರ ಎಡ ಮೊಣಕಾಲಿಗೂ ಲೇಖಕಿ ಋಣಿ.

"ನೋಡಿದ್ಯಾ" ಎಂದರು ಮಾವ, ಎದುರುಮನೆ ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಕೇಳುವಂತೆ. "ಅಚ್ಚಲ್ಲಿ ಬಂದಿದೆ!"

ಅತ್ತೆ ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತಲಿಲ್ಲ. "ಕಾಲಿಗೆ ಹೇಳಿದಾಳೆ ಸರಿ. ಆ ಕಾಲಿಗೆ ಎಂಟು ತಿಂಗಳು ಮುಲಾಮು ತಿಕ್ಕಿದ್ದು ಯಾರು ಅಂತ ಆ ಪುಸ್ತಕದಲ್ಲಿ ಎಲ್ಲಾದ್ರೂ ಇದೆಯಾ, ಹುಡುಕಿ ನೋಡಿ."

ಮಾವ ಕನ್ನಡಕ ಏರಿಸಿ ಪುಟಗಳನ್ನು ಮೊದಲಿನಿಂದ ಮಗುಚತೊಡಗಿದರು.